ಮೂರನೆಯ ದಿನ ಕೈಗೆ ಗುದ್ದಲಿ

ಭಾನುವಾರ ರಾತ್ರಿ ಒಂಬತ್ತು ಎಂದರೆ ನಮ್ಮ ಮನೆಯಲ್ಲಿ ಊಟ ಮುಗಿದು, ತೊಳೆದ ಪಾತ್ರೆಗಳನ್ನು ಬೋರಲು ಹಾಕುವ ಹೊತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕರೆಗೆ ಮೊಬೈಲ್ ರಿಂಗಾಗುವುದು ಆಗಲೇ. ಅವಳಿರುವ ತಾಂಜಾನಿಯಾದ ದಕ್ಷಿಣದಲ್ಲಿ, ಮಸಾಸಿಯ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಆಗ ಸಂಜೆ ಆರೂವರೆ. ಅಲ್ಲಿನವರನ್ನು ಕೇಳಿದರೆ ಹನ್ನೆರಡೂವರೆ ಎನ್ನುತ್ತಾರೆ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಹಗಲಿನ ಗಂಟೆಗಳ ಎಣಿಕೆ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಒಂಬತ್ತು ಅವರ ಮೂರು. ಅವಳು ಹೋದ ಹೊಸತರಲ್ಲಿ, ತಾಯಂದಿರ ಸಭೆ ಮೂರು ಗಂಟೆಗೆ ಎಂದು ಯಾರೋ ಹೇಳಿದ್ದನ್ನು ಕೇಳಿ ಮಧ್ಯಾಹ್ನ ಮೂರಕ್ಕೆ ಹೋದಳಂತೆ. ಬೆಳಿಗ್ಗೆ ಒಂಬತ್ತಕ್ಕೇ ಬಂದು ಕಾದಿದ್ದ ಹೆಂಗಸರು ಎಂದೋ ಮನೆಗೆ ಮರಳಿದ್ದರು. ಮಾವಿನ ಮರದ ಕೆಳಗೆ ಗುಡಿಸಿಟ್ಟ ನೆಲ, ಅದರ ಮೇಲೆ ಮಕ್ಕಳ ಬರಿಗಾಲಿನ ಗುರುತು, ಅಷ್ಟೇ ಉಳಿದಿತ್ತು. ಇದನ್ನು ಹೇಳುವಾಗ ಅವಳ ದನಿ ಕುಗ್ಗಿತ್ತು. ನನಗೆ ನಮ್ಮ ಅಜ್ಜ ಪಂಚಾಂಗ ಬಿಡಿಸಿ ಕುಳಿತು ಲೆಕ್ಕ ಹಾಕುತ್ತಿದ್ದ ಉದಯಾದಿ ಗಳಿಗೆ ನೆನಪಾಯಿತು. ಸೂರ್ಯ ಹುಟ್ಟಿದಲ್ಲಿಂದ ಹೊತ್ತು ಎಣಿಸುವುದು ನಮ್ಮ ಹಿರಿಯರಿಗೂ ಗೊತ್ತಿತ್ತು, ನಾವು ಮರೆತೆವು ಎಂದೆ. ಅವಳು ಆ ಗಳಿಗೆಯ ಲೆಕ್ಕವನ್ನು ನನ್ನಿಂದ ಎರಡು ಸಲ ಕೇಳಿ ಬರೆದುಕೊಂಡಳು.

ಅವಳು ನಮ್ಮ ನೆರೆಮನೆಯ ಹುಡುಗಿ. ಈಗ ಕನ್ಯಾಸ್ತ್ರೀ, ಊರಿಗೆಲ್ಲ ಸಿಸ್ಟರ್. ನನ್ನ ಕಣ್ಣಿಗೆ ಮಾತ್ರ ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ‘ಅ’ ತಿದ್ದುತ್ತಿದ್ದ ಮಗು. ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ಮಲಯಾಳ. ಕೇರಳದ ಗಡಿಯ ಕಾಸರಗೋಡಿನಲ್ಲಿ, ಬದಿಯಡ್ಕದ ಆಚೆಗಿನ ನಮ್ಮ ಊರಿನಲ್ಲಿ ಇದೇನೂ ವಿಶೇಷವಲ್ಲ. ನರ್ಸಿಂಗ್ ಓದಿ, ವ್ರತ ತೊಟ್ಟು, 2022ರಲ್ಲಿ ಆಫ್ರಿಕಾಕ್ಕೆ ಹೊರಟು ನಿಂತಾಗ ಮೊಂತಿ ಹಬ್ಬದ, ಎಂದರೆ ಮಾತೆ ಮೇರಿಯ ಹುಟ್ಟುಹಬ್ಬದ, ಮರುದಿನ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಕಬ್ಬಿನ ತುಂಡು, ಸ್ಟೀಲ್ ಡಬ್ಬಿಯಲ್ಲಿ ಹೆಸರುಬೇಳೆ ಪಾಯಸ. ಜಗಲಿಯಲ್ಲಿ ಕುಳಿತು ಚಹಾ ಕುಡಿದಳು. ಹೊರಡುವ ಹೊತ್ತಿಗೆ ನಾನು ಕೇಳಿಬಿಟ್ಟೆ: “ಇಲ್ಲಿ ನಿನಗೆ ಕೆಲಸವಿರಲಿಲ್ಲವೇ?”

ಅವಳು ಉತ್ತರ ಹೇಳಲಿಲ್ಲ. ಲೋಟವನ್ನು ತಾನೇ ತೊಳೆದಿಟ್ಟು, “ಬರುತ್ತೇನೆ ಟೀಚರ್” ಎಂದು ಹೋದಳು. ಆ ಪ್ರಶ್ನೆ ನನ್ನೊಳಗೆ ಮುಳ್ಳಿನಂತೆ ಉಳಿದಿದೆ. ಏಕೆಂದರೆ ಅದನ್ನು ಕೇಳಿದ್ದು ಬರಿಯ ಅಕ್ಕರೆಯಿಂದಲ್ಲ. ಮಿಷನರಿ ಎಂಬ ಪದಕ್ಕೆ ನಮ್ಮ ಕಡೆ ಒಂದು ಸಂಶಯ ಅಂಟಿಕೊಂಡಿದೆ. ಅದು ನನ್ನಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೊಂದು ಕಾರಣವೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಮಗುವಿನಿಂದ ಕಲಿತ ಮಾತು

ಹೊಸಬರಿಗೆ ಮೊದಲ ಕೆಲವು ತಿಂಗಳು ಭಾಷೆ ಕಲಿಯುವುದೇ ಕೆಲಸ. ವಿಕ್ಟೋರಿಯಾ ಸರೋವರದ ದಡದಲ್ಲಿ, ಮುಸೋಮ ಪಟ್ಟಣದ ಬಳಿ ಮಿಷನರಿಗಳಿಗಾಗಿಯೇ ಒಂದು ಭಾಷಾಶಾಲೆ ಇದೆ. ಅಲ್ಲಿ ಅವಳು ಬೆಂಚಿನ ಮೇಲೆ ಕುಳಿತು ಮತ್ತೆ ಒಂದನೆಯ ತರಗತಿಯವಳಾದಳು. ಒಬ್ಬ ಮನುಷ್ಯ ‘ಮ್‌ತು’, ಹಲವರು ‘ವಾತು’. ಒಂದು ವಸ್ತು ‘ಕಿತು’, ಹಲವು ‘ವಿತು’. ನಮ್ಮಲ್ಲಿ ಬಹುವಚನ ಪದದ ಬಾಲದಲ್ಲಿ, ಅವರಲ್ಲಿ ತಲೆಯಲ್ಲಿ. ನಡುನಡುವೆ ಪರಿಚಯದ ಮುಖಗಳೂ ಎದುರಾಗುತ್ತಿದ್ದವು. ಅಂಗಡಿಗೆ ‘ದುಕಾ’, ವಾಹನಕ್ಕೆ ‘ಗಾರಿ’, ಲೆಕ್ಕಕ್ಕೆ ‘ಹೆಸಾಬು’, ವಕೀಲರಿಗೆ ‘ವಕೀಲಿ’, ಸಾಬೂನಿಗೆ ‘ಸಾಬೂನಿ’. ಮಳೆಗಾಳಿ ಹಿಡಿದು ಅರಬ್ಬೀ ಕಡಲನ್ನು ದಾಟುತ್ತಿದ್ದ ಹಾಯಿಹಡಗುಗಳು ಸರಕಿನ ಜೊತೆಗೆ ಮಾತನ್ನೂ ಹೊತ್ತವು. ಇಂಥ ಪದವೊಂದು ಸಿಕ್ಕ ದಿನ ಅವಳು ನನಗೆ ಸಂದೇಶ ಕಳಿಸುತ್ತಿದ್ದಳು, ಕನ್ನಡ ಲಿಪಿಯಲ್ಲಿ.

ಶಾಲೆಯಲ್ಲಿ ಕಲಿತದ್ದು ಪೇಟೆಯಲ್ಲಿ ಸಾಲಲಿಲ್ಲ. ಅಲ್ಲಿ ಕಿರಿಯರು ಹಿರಿಯರನ್ನು ಕಂಡರೆ ‘ಶಿಕಮೋ’ ಎನ್ನುತ್ತಾರೆ. ನಿಮ್ಮ ಪಾದ ಹಿಡಿಯುತ್ತೇನೆ ಎಂಬುದು ಅದರ ಮೂಲ ಅರ್ಥವಂತೆ. ಹಿರಿಯರು ‘ಮರಹಬಾ’ ಎಂದು ಅದನ್ನು ಸ್ವೀಕರಿಸಬೇಕು. ದಾರಿಯಲ್ಲಿ ಮಕ್ಕಳು ಸಾಲಾಗಿ ನಿಂತು ‘ಶಿಕಮೋ ಸಿಸ್ಟಾ’ ಎಂದಾಗ ಇವಳೂ ‘ಶಿಕಮೋ’ ಎಂದು ಕೈ ಮುಗಿದಳಂತೆ. ಅವು ಕಂಗಾಲಾಗಿ ನಿಂತವು. ಒಬ್ಬಳು ಪುಟ್ಟ ಹುಡುಗಿ ಹತ್ತಿರ ಬಂದು, ಇವಳ ಬಟ್ಟೆಯ ತುದಿ ಹಿಡಿದು, ‘ಮರಹಬಾ’ ಎಂದು ಮೂರು ಸಲ ನಿಧಾನವಾಗಿ ಹೇಳಿಕೊಟ್ಟಳು. ಆ ಹುಡುಗಿ ಈಗಲೂ ಅವಳ ಗುರು. ಸ್ವಾಹಿಲಿ ಕೈಗೆ ಬಂತು ಎನ್ನುವಷ್ಟರಲ್ಲಿ ಇನ್ನೊಂದು ಗೋಡೆ ಎದುರಾಯಿತು. ಅಜ್ಜಿಯಂದಿರು ನೋವು ತೋಡಿಕೊಳ್ಳುವುದು ಮಕುವಾ ಭಾಷೆಯಲ್ಲಿ. ಸ್ವಾಹಿಲಿ ಶಾಲೆಯದು, ಕಚೇರಿಯದು, ಸಂತೆಯದು. ಹೊಟ್ಟೆನೋವಿನ ಭಾಷೆ ಬೇರೆ. “ತುಳುವಿನ ಹಾಗೆ ಟೀಚರ್” ಎಂದಳು. ಇನ್ನೇನೂ ವಿವರಿಸಬೇಕಾಗಲಿಲ್ಲ.

ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಮೂವತ್ತು ವರ್ಷ ಕನ್ನಡ ಕಲಿಸಿದವಳು. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದವರನ್ನು ಅಧ್ಯಾಪಕರನ್ನಾಗಿ ಕಳಿಸಿದಾಗ ಕಚೇರಿಯ ಮುಂದೆ ಧರಣಿ ಕುಳಿತವರಲ್ಲಿ ನಾನೂ ಒಬ್ಬಳು. ಅದರಲ್ಲಿ ತಪ್ಪಿತ್ತೆಂದು ಇಂದಿಗೂ ಅನ್ನಿಸುವುದಿಲ್ಲ, ನಾಳೆ ಕರೆದರೆ ಮತ್ತೆ ಹೋಗಿ ಕುಳಿತುಕೊಳ್ಳುತ್ತೇನೆ. ಆದರೆ ಆ ಹಟದಲ್ಲಿ ನಾನು ಮಲಯಾಳದ ಅಕ್ಷರಗಳನ್ನು ಕಲಿಯಲೇ ಇಲ್ಲ. ಮಾತು ಬರುತ್ತದೆ, ಓದು ಬರುವುದಿಲ್ಲ. ಒಮ್ಮೆ ಜಾಗದ ತೆರಿಗೆಯ ವಿಷಯವಾಗಿ ಒಂದು ಕಚೇರಿಗೆ ಹೋಗಿದ್ದೆ. ಮೇಜಿನ ಆಚೆಯವರು ಒಂದು ಕಾಗದ ನನ್ನ ಮುಂದೆ ಸರಿಸಿ, ಓದಿ ಸಹಿ ಹಾಕಿ ಎಂದರು. ಅದೇ ಕಚೇರಿಗೆ ಅವಳೂ ತಾಯಿಯ ಜೊತೆ ಬಂದಿದ್ದಳು. ಹತ್ತು ವರ್ಷವಿರಬೇಕು, ಯೂನಿಫಾರ್ಮ್‌ನಲ್ಲೇ ಇದ್ದಳು. ಬಸ್ಸಿನ ಬೋರ್ಡು ಓದಿ ಓದಿ ಮಲಯಾಳ ಕಲಿತ ಮಗು. ನನ್ನ ಮೊಣಕೈಯ ಹತ್ತಿರ ಬಂದು ನಿಂತು, ಕಾಗದದ ಸಾಲುಗಳ ಕೆಳಗೆ ಬೆರಳಿಟ್ಟು ಒಂದೊಂದನ್ನೂ ಕನ್ನಡದಲ್ಲಿ ಹೇಳಿದಳು. ತಾಯಿಯ ಕಡೆ ತಿರುಗಿ ಕೊಂಕಣಿಯಲ್ಲಿ, ಮೇಜಿನ ಕಡೆ ತಿರುಗಿ ಮಲಯಾಳದಲ್ಲಿ. ನಾನು ಸಹಿ ಹಾಕಿದೆ. ಹೇರಿದ ಭಾಷೆ ಬೇರೆ, ಬೇಕೆಂದು ಹುಡುಕಿಕೊಂಡು ಹೋದ ಭಾಷೆ ಬೇರೆ. ಇದನ್ನು ನಾನು ವೇದಿಕೆಯ ಮೇಲೆ ಎಷ್ಟೋ ಸಲ ಹೇಳಿದ್ದೇನೆ. ಆ ಹುಡುಗಿಗೆ ಅದನ್ನು ಹೇಳುವ ಅಗತ್ಯವೇ ಬೀಳಲಿಲ್ಲ.

ಮಿಷನರಿಗಳ ಬಗ್ಗೆ ಯೋಚಿಸುವಾಗ ನನ್ನ ಕಪಾಟಿನಲ್ಲಿರುವ ಕಿಟೆಲ್ ನಿಘಂಟು ಕಣ್ಣಿಗೆ ಬೀಳುತ್ತದೆ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ 21 ವರ್ಷ, ನಿಘಂಟು ಅಚ್ಚಾದದ್ದು 1894ರಲ್ಲಿ. ಗುಂಡರ್ಟ್ ಅವರ ಮಲಯಾಳ ನಿಘಂಟು 1872ರದು, ಮ್ಯಾನರ್ ಅವರ ತುಳು ನಿಘಂಟು 1886ರದು. ಮೂರೂ ಮಂಗಳೂರಿನ ಬಾಸೆಲ್ ಮಿಷನ್ನಿನ ಅಚ್ಚುಕೂಟದಿಂದಲೇ ಹೊರಬಂದವು. ಗುಂಡರ್ಟ್ ಇದ್ದದ್ದು ತಲಶ್ಶೇರಿಯಲ್ಲಿ. ಅಚ್ಚುಕೂಟ ಉತ್ತರಕ್ಕೆ, ಗುಂಡರ್ಟ್ ದಕ್ಷಿಣಕ್ಕೆ, ನಡುವೆ ನಮ್ಮ ಕಾಸರಗೋಡು. ಅವಳು ಈಗಿರುವ ಕಡೆಯೂ ಇಂಥದ್ದೇ ಕಥೆ. ಮಸಾಸಿಯಲ್ಲಿ 1876ರಲ್ಲಿ ಆಂಗ್ಲಿಕನ್ ಮಿಷನ್ ನೆಲೆಗೊಳಿಸಿದ ಬಿಷಪ್ ಸ್ಟೀರ್, ಅದಕ್ಕೆ ಆರು ವರ್ಷ ಮೊದಲೇ ಸ್ವಾಹಿಲಿ ಭಾಷೆಗೆ ಕೈಪಿಡಿ ಬರೆದಿದ್ದರು. ಸೆರೆಯಿಂದ ಬಿಡುಗಡೆಯಾದ ಗುಲಾಮರ ಜೊತೆ ಅಲ್ಲಿ ಊರು ಕಟ್ಟಿದವರು ಅವರು. ಇವರೆಲ್ಲ ಬಂದದ್ದು ಧರ್ಮ ಹೇಳಲು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಹೇಳುವ ಮೊದಲು ವರ್ಷಗಟ್ಟಲೆ ಇಲ್ಲಿನ ಪಂಡಿತರ ಎದುರು, ರೈತರ ಎದುರು ಕುಳಿತು ಕೇಳಬೇಕಾಯಿತು. ಆ ಕೇಳುವಿಕೆಯಲ್ಲಿ ಹುಟ್ಟಿದ್ದು ನಮ್ಮ ಕಪಾಟಿನಲ್ಲಿ ಉಳಿಯಿತು. ಮೇಜಿನ ಆಚೆ ಬದಿಗೆ ಕುಳಿತು ಅವರಿಗೆ ಪದ ಪದವನ್ನೂ ಹೇಳಿಕೊಟ್ಟವರಲ್ಲಿ ಎಷ್ಟೋ ಮಂದಿಯ ಹೆಸರು ಮುಖಪುಟಕ್ಕೆ ಬರಲಿಲ್ಲ. ಇದು ನನಗೆ ನೋವಿನ ವಿಷಯ.

ಬೆನ್ನಿನ ಮೇಲಿನ ಗಾದೆ

ಅವಳ ದಿನ ಹೇಗಿರುತ್ತದೆ ಎಂದು ಊರಿನವರು ಕೇಳುತ್ತಾರೆ. ಎಷ್ಟು ಜನರನ್ನು ಮತಕ್ಕೆ ಸೇರಿಸಿದಳು ಎಂದು ಕೇಳಿದವರೂ ಇದ್ದಾರೆ. ನಾನೇ ಒಂದು ಭಾನುವಾರ ಅದನ್ನು ಅವಳಿಗೆ ಕೇಳಿದೆ. ಬೇಸರಿಸಲಿಲ್ಲ. “ಇಲ್ಲಿ ಇಗರ್ಜಿಗೆ ನೂರು ವರ್ಷ ದಾಟಿದೆ, ಮಸೀದಿ ಅದಕ್ಕಿಂತ ಹಳೆಯದು. ದೇವರನ್ನು ನಾನು ತರುತ್ತೇನೆಂದು ಇಲ್ಲಿ ಯಾರೂ ಕಾಯುತ್ತಿರಲಿಲ್ಲ ಟೀಚರ್. ನೀರಿಗೆ ಕಾಯುತ್ತಾರೆ. ನಾನೂ ಅವರ ಜೊತೆ ಸಾಲಿನಲ್ಲಿ ನಿಂತು ಕಾಯುತ್ತೇನೆ” ಎಂದಳು.

ಕಾನ್ವೆಂಟಿನಲ್ಲಿ ಮೂವರು: ಅಲ್ಲಿಯವರೇ ಆದ ಹಿರಿಯ ಸಿಸ್ಟರ್, ತಮಿಳುನಾಡಿನ ಒಬ್ಬರು, ಇವಳು. ಬೆಳಗಿನ ಜಾವಕ್ಕೆ ಎದ್ದು ಪ್ರಾರ್ಥನೆ, ಆಮೇಲೆ ಬಕೆಟ್ಟು ಹಿಡಿದು ನೀರಿಗೆ. ಎಂಟು ಗಂಟೆಗೆ, ಅವರ ಲೆಕ್ಕದಲ್ಲಿ ಎರಡಕ್ಕೆ, ಚಿಕಿತ್ಸಾಲಯದ ಬಾಗಿಲು ತೆರೆಯುತ್ತದೆ. ಮಾವಿನ ಕೊಂಬೆಗೆ ತೂಕದ ತಕ್ಕಡಿ ಕಟ್ಟಿ, ಬಟ್ಟೆಯ ಜೋಲಿಯಲ್ಲಿ ಕೂಸುಗಳನ್ನು ತೂಗುತ್ತಾರೆ. ಜ್ವರದವರ ಬೆರಳು ಚುಚ್ಚಿ ಮಲೇರಿಯಾ ಪರೀಕ್ಷೆ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಾದರೂ ಸಾಲು ಕರಗುವುದಿಲ್ಲ. ಊಟಕ್ಕೆ ಮೆಕ್ಕೆಜೋಳದ ಅಥವಾ ಮರಗೆಣಸಿನ ಹಿಟ್ಟಿನ ಉಗಾಲಿ, ಸೊಪ್ಪಿನ ಪಲ್ಯ, ಸಿಕ್ಕಿದ ದಿನ ಸಣ್ಣ ಒಣಮೀನು. ಕುಚ್ಚಲಕ್ಕಿ ಗಂಜಿಯನ್ನು ನೆನೆದು ಮೊದಲ ವರ್ಷ ಅತ್ತದ್ದುಂಟಂತೆ. ಮರಗೆಣಸು ಕೈ ಹಿಡಿಯಿತು. ನಮ್ಮ ಕಡೆಯ ಹೊಟ್ಟೆಗೆ ಅದು ಹೊಸತಲ್ಲ.

ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತುವ, ತಲೆಗೆ ಹೊದೆಯುವ, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆಗೆ ‘ಕಾಂಗಾ’ ಎಂದು ಹೆಸರು. ದಪ್ಪ ಅಂಚು, ಒಳಗೆ ಗೇರುಹಣ್ಣಿನ ಅಥವಾ ಹೂವಿನ ಚಿತ್ತಾರ, ಕೆಳಗೆ ಒಂದು ಸಾಲಿನ ಗಾದೆ. ಇದನ್ನು ಅವಳು ವಿಡಿಯೋದಲ್ಲಿ ಹತ್ತಿರ ಹಿಡಿದು ತೋರಿಸಿದಾಗ ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ತೊಳೆದು ತೊಳೆದು ಕೆಂಪು ಕಂದಾಗಿತ್ತು, ಅಕ್ಷರಗಳ ಕಪ್ಪು ಮಾತ್ರ ಉಳಿದಿತ್ತು. ಸಾಲಿನಲ್ಲಿ ಮುಂದೆ ನಿಂತವರ ಬೆನ್ನನ್ನು ಓದುತ್ತ ಓದುತ್ತ ತಾನು ಅರ್ಧ ಸ್ವಾಹಿಲಿ ಕಲಿತೆ ಎಂದಳು. ಅತ್ತೆ ಸೊಸೆಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಗಾದೆಯ ಬಟ್ಟೆ ಉಟ್ಟು ಹೇಳುವುದೂ ಉಂಟಂತೆ. ‘ಹಬಾ ನಾ ಹಬಾ ಹುಜಾಜಾ ಕಿಬಾಬಾ’, ಚೂರು ಚೂರೇ ಸೇರಿ ಸೇರು ತುಂಬುತ್ತದೆ ಎಂದು ಅದರ ಅರ್ಥ. ನಮ್ಮ ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ. ಬಳ್ಳವೂ ಕಿಬಾಬಾವೂ ಕಾಳು ಅಳೆಯುವ ಅಳತೆಗಳೇ ಎಂದು ತಿಳಿದಾಗ ನನಗಾದ ಸಂತೋಷವನ್ನು ಕನ್ನಡ ಕಲಿಸಿದವರೇ ಬಲ್ಲರು.

ಇನ್ನೊಂದು ಗಾದೆಯನ್ನು ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ತಮ್ಮ ಬರಹದಲ್ಲಿ ಎತ್ತಿ ಆಡಿದ್ದರು. ಅವರೂ ಮೊದಲು ಶಾಲಾ ಅಧ್ಯಾಪಕರು. ಜನ ಕೊನೆಯವರೆಗೂ ‘ಮ್ವಾಲಿಮು’, ಎಂದರೆ ಮೇಷ್ಟ್ರು, ಎಂದೇ ಕರೆದರು. ಗಾದೆ ಹೀಗಿದೆ: ನೆಂಟನಿಗೆ ಎರಡು ದಿನ ನೆಂಟತನ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು. ಇವಳಿಗೆ ನಿಜವಾಗಿಯೂ ಕೊಟ್ಟರು. ಹೋದ ಎರಡನೆಯ ವಾರ, ನೆಲಗಡಲೆ ಹೊಲದ ಬದುವಿನಲ್ಲಿ ಬಿಳಿ ಉಡುಪಿನಲ್ಲಿ ನಿಂತು ನೋಡುತ್ತಿದ್ದವಳ ಕೈಗೆ ಒಬ್ಬ ಮುದುಕಿ ಮಾತಿಲ್ಲದೆ ‘ಜೆಂಬೆ’ ಇಟ್ಟಳು. ಗಿಡ್ಡ ಹಿಡಿ, ಬಗ್ಗಿಯೇ ಅಗೆಯಬೇಕು. ಸಂಜೆಗೆ ಅಂಗೈಯಲ್ಲಿ ಐದು ಬೊಬ್ಬೆ. ಆ ಫೋಟೋ ನನ್ನ ಮೊಬೈಲಿನಲ್ಲಿದೆ. ಮರುದಿನದಿಂದ ಸಾಲಿನಲ್ಲಿ ಅವಳಿಗೆ ಜಾಗ ಬಿಡುವುದನ್ನು ಹೆಂಗಸರು ನಿಲ್ಲಿಸಿದರಂತೆ. ಎಲ್ಲರ ಹಾಗೆ ಹಿಂದೆ ನಿಲ್ಲು ಎಂದರು. ಅಂದು ತನಗೆ ಮೊದಲ ಸಲ ಊರು ಸೇರಿದ ಹಾಗೆ ಅನ್ನಿಸಿತು ಎಂದಳು.

ಅದೇ ಮುದುಕಿಯ ಮನೆಯಲ್ಲಿ ಮೊಮ್ಮಗಳ ಮದುವೆಯ ಮಾತುಕತೆಯನ್ನು ಮಾವ, ತಾಯಿಯ ಅಣ್ಣ, ನಿಂತು ನಡೆಸುವುದನ್ನು ನೋಡಿ ನನಗೆ ಫೋನು ಮಾಡಿದ್ದಳು. “ಇಲ್ಲಿಯೂ ಅಳಿಯಕಟ್ಟು ಟೀಚರ್!” ಮಕುವಾ, ಯಾವೊ, ಮಕೊಂಡೆ ಜನರಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ಕಾಸರಗೋಡಿನ ಮಗುವಿಗೆ ಇದನ್ನು ಪುಸ್ತಕದಿಂದ ತಿಳಿಯಬೇಕಾಗಿಲ್ಲ.

ಮದ್ದು

ಮುಂದೆ ಹೇಳುತ್ತೇನೆ ಎಂದದ್ದು ಇದನ್ನು. ಅವಳಿಗೆ ಒಬ್ಬ ಅಣ್ಣನಿದ್ದ. ನಿಲ್ಲಲಿಲ್ಲ, ನಡೆಯಲಿಲ್ಲ, ಮಾತಾಡಲಿಲ್ಲ. ತಾಯಿ ಬೀಡಿ ಕಟ್ಟುತ್ತಿದ್ದರು, ತಂದೆ ಗೇರುತೋಟದಲ್ಲಿ ಬೀಜ ಹೆಕ್ಕುವ ಕೆಲಸಕ್ಕೆ ಹೋಗುತ್ತಿದ್ದರು. ಶಾಲೆ ಬಿಟ್ಟು ಬಂದ ಹುಡುಗಿ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಉಣಿಸುತ್ತಿದ್ದುದು ನಮ್ಮ ಬೇಲಿಯಿಂದ ಕಾಣುತ್ತಿತ್ತು. ಅವಳು ಏಳನೆಯ ತರಗತಿಯಲ್ಲಿದ್ದಾಗ ಅವನು ಹೋದ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಕಥೆ ಈ ಬರಹ ಓದುವವರಿಗೆ ಗೊತ್ತೇ ಇದೆ.

ಗೊತ್ತಿಲ್ಲದ್ದು ಒಂದಿದೆ. ಹೆಲಿಕಾಪ್ಟರ್ ಬಂದಾಗ ಮಕ್ಕಳನ್ನು ಅಂಗಳಕ್ಕೆ ಬಿಟ್ಟವಳು ನಾನು. ಗೇರು ಹೂ ಬಿಡುವ ಕಾಲ, ಬೆಳಗಿನ ಮೊದಲ ಪೀರಿಯಡ್. ಸದ್ದು ಕೇಳಿದ ಕೂಡಲೇ ಮಕ್ಕಳ ಕಣ್ಣು ಕಿಟಕಿಯ ಕಡೆ. ಹೋಗಿ ನೋಡಿ ಬನ್ನಿ ಎಂದೆ, ನಾನೂ ಬಾಗಿಲಿಗೆ ಬಂದೆ. ಒಂದನೆಯ ತರಗತಿಯ ನಲವತ್ತು ಮಕ್ಕಳು ಕೈ ಬೀಸಿದರು. ಹೆಲಿಕಾಪ್ಟರ್ ತೆಂಗಿನ ಮರದ ಎತ್ತರದಲ್ಲಿ ಹೋಯಿತು. ಗಾಳಿಯಲ್ಲಿ ತೇಲಿಬಂದ ಹನಿ ಸ್ಲೇಟಿನ ಮೇಲೆ ಬಿತ್ತು, ಒಬ್ಬ ಅದನ್ನು ಅಂಗೈಯಿಂದ ಉಜ್ಜಿದ. ಅವಳೂ ಆ ಸಾಲಿನಲ್ಲಿ ಇದ್ದಳು. ಬಾವಿ ಮುಚ್ಚಿ ಎಂದು ಹೇಳಿದ್ದರು, ಮಕ್ಕಳನ್ನು ಒಳಗಿಡಿ ಎಂದು ಯಾರೂ ಹೇಳಲಿಲ್ಲ. ನನಗೇ ಹೊಳೆಯಬೇಕಿತ್ತು. ನಾವು ಅದನ್ನು ‘ಮದ್ದು ಬಿಡುವುದು’ ಎನ್ನುತ್ತಿದ್ದೆವು. ಅಡಿಕೆಗೂ ಮದ್ದು, ಜ್ವರಕ್ಕೂ ಮದ್ದು. ಮದ್ದು ಎಂದಮೇಲೆ ಭಯ ಹೇಗೆ ಬಂದೀತು?

ಅವಳು ಈಗಿರುವುದೂ ಗೇರಿನ ನಾಡು. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರ ಇಲ್ಲಿಯೂ ಬೇರುಬಿಟ್ಟಿತು, ಅಲ್ಲಿಯೂ ಬಿಟ್ಟಿತು. ನಮ್ಮಲ್ಲಿ ಬೇಸಿಗೆಗೆ ಬೀಜ ಉದುರಿದರೆ ಅಲ್ಲಿ ನವರಾತ್ರಿಯ ಹೊತ್ತಿಗೆ ಶುರು. ಗೋಣಿಯಲ್ಲಿ ತುಂಬಿ ಹಡಗೇರಿದ ಆ ಬೀಜ ಮಂಗಳೂರಿನ ಕಾರ್ಖಾನೆಗಳವರೆಗೂ ಬರುತ್ತದೆ. ಕಳೆದ ವರ್ಷ ಜುಲೈಯಲ್ಲಿ, ಅಲ್ಲಿ ಹೂ ಬಿಡುವ ಕಾಲ, ಒಂದು ಬೆಳಿಗ್ಗೆ ಅವಳು ನೀರು ಹೊತ್ತು ಬರುತ್ತಿದ್ದಾಗ ತೋಟದಿಂದ ಯಂತ್ರದ ಸದ್ದು ಕೇಳಿತು. ಬೆನ್ನಿಗೆ ಬ್ಲೋವರ್ ಕಟ್ಟಿಕೊಂಡ ಇಬ್ಬರು ಮರಗಳ ಮೇಲೆ ಹಳದಿ ಪುಡಿ ಊದುತ್ತಿದ್ದರು. ಬೂದಿರೋಗಕ್ಕೆ ಗಂಧಕ. ಇಬ್ಬನಿ ಆರುವ ಮೊದಲು ಊದಿದರೆ ಎಲೆಗೆ ಅಂಟುತ್ತದೆ. ಹಳದಿ ಮೋಡದ ಹಿಂದೆ ಮಕ್ಕಳು ಓಡುತ್ತಿದ್ದರು.

ಬಕೆಟ್ಟು ಎಲ್ಲಿ ಬಿತ್ತೋ ಗೊತ್ತಿಲ್ಲ ಎಂದಳು. ಕೂಗುತ್ತ ಓಡಿದಳಂತೆ, ಯಾವ ಭಾಷೆಯಲ್ಲಿ ಕೂಗಿದೆನೆಂದು ನೆನಪಿಲ್ಲವಂತೆ. ಮಕ್ಕಳನ್ನು ಚಿಕಿತ್ಸಾಲಯದೊಳಗೆ ತಳ್ಳಿ ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತಳು. ತೋಟದವರು ಬಂದು, ಏಕೆ ಹೆದರುತ್ತೀರಿ ಸಿಸ್ಟರ್, ಇದು ‘ದಾವಾ’ ಎಂದರು. ದಾವಾ ಎಂದರೆ ಔಷಧಿ. ಮಾತ್ರೆಗೂ ದಾವಾ, ಮರಕ್ಕೆ ಊದುವುದಕ್ಕೂ ದಾವಾ.

ಗಂಧಕ ಎಂಡೋಸಲ್ಫಾನ್ ಅಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಉಬ್ಬಸವಿರುವ ಮಗುವಿಗೆ ಕಷ್ಟ. ನಮ್ಮಲ್ಲಿ ಆದಂಥದ್ದು ಅದರಿಂದ ಆಗುವುದಿಲ್ಲ. ಗೇರು ಆ ಜನರ ಅನ್ನ, ಮಗುವಿನ ಶಾಲೆಯ ಖರ್ಚು ಅದರಿಂದಲೇ ಬರಬೇಕು. ಅದನ್ನೂ ಅವಳು ಬಲ್ಲಳು. ಒಂದು ವಾರ ಬಿಟ್ಟು ಹಿರಿಯ ಸಿಸ್ಟರ್ ಜೊತೆ ತೋಟದವರ ಮನೆಗೆ ಹೋಗಿ ಕುಳಿತು, ತನ್ನ ಅಣ್ಣನ ಕಥೆಯನ್ನು ಬಂದಷ್ಟು ಸ್ವಾಹಿಲಿಯಲ್ಲಿ ಹೇಳಿದಳು. ಈಗ ಪುಡಿ ಊದುವ ಹಿಂದಿನ ಸಂಜೆ ಯಾರಾದರೂ ಬಂದು ಚಿಕಿತ್ಸಾಲಯದಲ್ಲಿ ತಿಳಿಸಿ ಹೋಗುತ್ತಾರೆ. ಬೆಳಿಗ್ಗೆ ಬಿಸಿಲೇರುವವರೆಗೆ ಮಕ್ಕಳು ಒಳಗಿರುತ್ತವೆ.

ಇದೆಲ್ಲ ಹೇಳಿ ಮುಗಿಸಿದ ಮೇಲೆ ನಾನು ಹೆಲಿಕಾಪ್ಟರಿನ ದಿನದ ಮಾತೆತ್ತಿದೆ. ಇಪ್ಪತ್ತನಾಲ್ಕು ವರ್ಷ ಯಾರ ಎದುರೂ ಆಡದ ಮಾತು. “ನಿಮ್ಮನ್ನು ಹೊರಗೆ ಬಿಟ್ಟವಳು 
ನಾನು” ಎಂದೆ. “ನೆನಪಿದೆ ಟೀಚರ್. ನೀವೂ ನಮ್ಮ ಜೊತೆ ಹೊರಗೇ ಇದ್ದಿರಿ” ಎಂದಳು. ಅವಳು ಹೊರಡುವ ದಿನ ನಾನು ಕೇಳಿದ್ದ ಪ್ರಶ್ನೆಯನ್ನು ಆಮೇಲೆ ಮತ್ತೆ ಕೇಳಿಲ್ಲ.

ಮೊನ್ನೆ ಭಾನುವಾರ ಮಾತಿನ ನಡುವೆ ಹೊರಗಿನಿಂದ ಯಾರೋ ‘ಹೋಡಿ’ ಎಂದರು. ಬಾಗಿಲಿಗೆ ಬಂದವರು ಹಾಗೆ ಕೂಗುವುದು ಅಲ್ಲಿನ ಕ್ರಮ. ಅವಳು ‘ಕರಿಬು’ ಎನ್ನುತ್ತ ಎದ್ದಳು, ಫೋನು ಮೇಜಿನ ಮೇಲೆ ಹಾಗೆಯೇ ಉಳಿಯಿತು. ಪರದೆಯಲ್ಲಿ ತಗಡಿನ ಮಾಡು, ಒಂದು ಸೌರದೀಪ, ಅದಕ್ಕೆ ಮುತ್ತಿದ ಹುಳುಗಳು. ನಾನು ಕರೆ ಕತ್ತರಿಸಲಿಲ್ಲ. ಮೊದಲು ತುಂಬ ವಯಸ್ಸಾದ ಒಂದು ದನಿ, ಎಳೆದು ಎಳೆದು, ನೋವಿನದು. ಅದು ನಿಂತ ಮೇಲೆ ಒಂದು ಮಗುವಿನ ದನಿ, ಅದೇ ಮಾತನ್ನು ಬೇರೆ ಭಾಷೆಗೆ ತಿರುಗಿಸಿ ಚಿಕ್ಕದಾಗಿ ಹೇಳುತ್ತಿತ್ತು. ಆಮೇಲೆ ನಮ್ಮ ಹುಡುಗಿಯ ದನಿ, ನಿಧಾನವಾಗಿ, ತಪ್ಪಿದಲ್ಲಿ ನಿಂತು. ಮತ್ತೆ ಮಗು ಅಜ್ಜಿಯ ಕಡೆಗೆ. ನನಗೆ ತಿಳಿದದ್ದು ‘ದಾವಾ’ ಎಂಬ ಒಂದೇ ಪದ. ಹನ್ನೊಂದು ನಿಮಿಷ ಕೇಳಿಸಿಕೊಂಡೆ. ಒಂದು ಸಲ ಅವಳು ಏನೋ ತಪ್ಪಿರಬೇಕು, ಮಗು ಆ ಪದವನ್ನು ಮೂರು ಸಲ ಹೇಳಿಕೊಟ್ಟಿತು, ಅವಳು ಮೂರು ಸಲವೂ ತಿರುಗಿ ಹೇಳಿದಳು.